ಅಕ್ಷರಗುಂಡಿಗೆ ಒಂದು ಔಟಿಂಗು

ಲಂಡನ್ನಿನಲ್ಲಿ ಶನಿವಾರದ ದಿನ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಆದರೆ ಹಾಗೆ ಇಟ್ಟುಕೊಂಡ ಅಪ್ಪ ಅಮ್ಮಂದಿರನ್ನು ಸೋಮವಾರ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ನೋಡಬೇಕು, ಕೈಸಾಲ ತೀರಿಸದವರ ಹಾಗೆ ಮುಖ ತಪ್ಪಿಸಿಕೊಂಡು ಓಡಾಡುತ್ತಿರುತ್ತಾರೆ. "ವೀಕೆಂಡ್ ಹೇಗಿತ್ತು?" ಎಂದು ಯಾವಳೋ ಒಬ್ಬ ತಾಯಿ ನಗುತ್ತಾ ಕೇಳಿಬಿಟ್ಟರೆ ಮುಗಿಯಿತು. ಅವಳ ಮಕ್ಕಳು ಡೈನೋಸಾರ್ ನೋಡಿ, ದೋಣಿ ಹತ್ತಿ, ಮಡಕೆ ಮಾಡುವುದನ್ನು ಕಲಿತು ಬಂದಿರುತ್ತವೆ. "ನಾವು ಇಡ್ಲಿಗೆ ರುಬ್ಬಿದೆವು, ಬಟ್ಟೆ ಮಡಚಿದೆವು" ಎಂದು ಹೇಳಲು ಎಂಟೆದೆ ಬೇಕು.

ಈ ಮಾನಭಂಗ ತಪ್ಪಿಸಲೆಂದೇ ನಮ್ಮ ಮನೆಯವರು ಒಂದು ಎಕ್ಸೆಲ್ ಶೀಟ್ ಇಟ್ಟಿದ್ದಾರೆ. ಸ್ಥಳ, ಟಿಕೆಟ್ ದರ, ಮಳೆ ಬಂದರೆ ಏನು ಗತಿ, ಶೌಚಾಲಯ ಎಷ್ಟು ಹೆಜ್ಜೆ ದೂರ ಎಂಬ ಕಾಲಂಗಳೆಲ್ಲ ಆದ ಮೇಲೆ ಕೊನೆಯಲ್ಲಿ ಹಳದಿ ಬಣ್ಣದ ಒಂದು ಕಾಲಂ: 'ಕಲಿಕೆ'. ಇವರು ದಾವಣಗೆರೆಯವರು. ಸಂಜೆ ಅಪ್ಪನ ಜೊತೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದರೆ ಅದೇ ವಿಹಾರ ಎಂದು ತಿಳಿದು ಬೆಳೆದವರು. ನಾನು ಚಳ್ಳಕೆರೆಯವಳು. ನಮ್ಮ ಕಡೆ ಸಂತೆಗೆ ಹೋದರೆ ಔಟಿಂಗ್, ತೇರಿಗೆ ಹೋದರೆ ವಾರ್ಷಿಕ ರಜೆ. ಅಲ್ಲಿ ನಾವು ಏನಾದರೂ ಕಲಿತೆವೋ ಇಲ್ಲವೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಕಳೆದುಹೋಗದೆ ಮನೆ ಸೇರಿದೆವಾ ಎಂದಷ್ಟೇ ಎಣಿಸಿಕೊಳ್ಳುತ್ತಿದ್ದರು.

ನ್ಯಾಯವಾಗಿ ಹೇಳಬೇಕೆಂದರೆ ಲಂಡನ್ ಮಕ್ಕಳೊಂದಿಗರಿಗೆ ಉದಾರವಾದ ಊರು. 11 ವರ್ಷದೊಳಗಿನ ಮಕ್ಕಳು ದೊಡ್ಡವರ ಜೊತೆಗಿದ್ದರೆ ಬಸ್ಸು, ಟ್ಯೂಬು ಎಲ್ಲ ಪುಕ್ಕಟೆ. ದೊಡ್ಡ ದೊಡ್ಡ ಮ್ಯೂಸಿಯಂಗಳ ಬಾಗಿಲೂ ಪುಕ್ಕಟೆ. ಆದರೆ ಒಳಗೆ ಹೋಗಲು ಒಂದು ದಾರಿ, ಹೊರಗೆ ಬರಲು ಆಟಿಕೆ ಅಂಗಡಿಯ ಮೂಲಕವೇ ಹಾದುಬರುವ ಇನ್ನೊಂದು ದಾರಿ. ಆ ದಾರಿಯಲ್ಲಿ ನಮ್ಮ ಮನೆಯವರು ಮಗನ ಕಣ್ಣಿಗೆ ತಮ್ಮ ಜಾಕೆಟ್ ಅಡ್ಡ ಹಿಡಿದುಕೊಂಡು ನಡೆಯುವ ಭಂಗಿಯನ್ನು ನೀವು ನೋಡಬೇಕು.

ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ನಡುಮನೆಯಲ್ಲಿ 'ಹೋಪ್' ಎಂಬ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುಹಾಕಿದ್ದಾರೆ. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ದಡಕ್ಕೆ ಬಂದು ಬಿದ್ದ ಜೀವ, 25 ಮೀಟರ್ ಉದ್ದ, 2017ರಿಂದ ಅಲ್ಲಿ ಈಜುವ ಭಂಗಿಯಲ್ಲಿದೆ. ಇಷ್ಟನ್ನೂ ಇವರು ಟ್ಯೂಬಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಮಗ ಕತ್ತೆತ್ತಿ ನೋಡಿದ, "ಹ್ಞೂಂ" ಅಂದ, ಎಸ್ಕಲೇಟರ್ ಎಲ್ಲಿ ಎಂದು ಕೇಳಿದ. ಅದೇ ಕಟ್ಟಡದ ಇನ್ನೊಂದು ಕಡೆ ಭೂಗೋಳದ ದೊಡ್ಡದೊಂದು ಮಾದರಿಯ ಹೊಟ್ಟೆಯೊಳಗೆ ತೂರಿ ಮೇಲೇರುವ ಎಸ್ಕಲೇಟರ್ ಇದೆ. ಮಧ್ಯಾಹ್ನವಿಡೀ ಅದೇ ಆಯಿತು. ಭೂಮಿಯೊಳಗೆ ಹೋಗುವುದು, ಮೆಟ್ಟಿಲಿಳಿದು ಬರುವುದು, ಮತ್ತೆ ಭೂಮಿಯೊಳಗೆ ಹೋಗುವುದು. ಸೀತಮ್ಮನವರೂ ಇಷ್ಟು ಸಲ ಹೋಗಿರಲಿಲ್ಲ. ಎಕ್ಸೆಲ್ ಶೀಟಿನ ಹಳದಿ ಕಾಲಂನಲ್ಲಿ ಇವರು ಆ ರಾತ್ರಿ 'ಸಸ್ತನಿಗಳು' ಎಂದು ತುಂಬಿದರು. ನಾನು ಸುಮ್ಮನಿದ್ದೆ.

ಊರಿನಿಂದ ನೆಂಟರು ಬಂದರೆ ಔಟಿಂಗಿನ ದಿಕ್ಕು ಬದಲಾಗುತ್ತದೆ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಪಾರ್ಲಿಮೆಂಟಿನ ಎದುರು ದಡದಲ್ಲಿ ನಮ್ಮ ಬಸವಣ್ಣನವರು ಇದ್ದಾರಲ್ಲ, 2015ರ ನವೆಂಬರ್ 14ರಂದು ಅನಾವರಣಗೊಂಡವರು, ಅವರ ದರ್ಶನ ಮಾಡಿಸದೆ ಯಾರನ್ನೂ ವಾಪಸ್ ಕಳಿಸುವ ಹಾಗಿಲ್ಲ. ನಮ್ಮತ್ತೆ ಅಲ್ಲಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು ಪ್ರದಕ್ಷಿಣೆ ಶುರುಮಾಡಿದಾಗ ಜಾಗಿಂಗ್ ಮಾಡುತ್ತಿದ್ದ ಬಿಳಿಯನೊಬ್ಬ ನಿಂತು ದಾರಿ ಬಿಟ್ಟ. ಇವರು ಅನುಭವ ಮಂಟಪಕ್ಕೂ ಎದುರಿನ ಪಾರ್ಲಿಮೆಂಟಿಗೂ ಸಂಬಂಧ ಕಲ್ಪಿಸಿ ಮಕ್ಕಳಿಗೆ ಭಾಷಣ ಕೊಡುತ್ತಿದ್ದರು. ಮಕ್ಕಳು ಚಿತ್ರಾನ್ನದ ಡಬ್ಬಿಯ ಕಡೆಗೆ ನಡೆದು ಬರುತ್ತಿದ್ದ ಒಂದು ಕುಂಟ ಪಾರಿವಾಳವನ್ನು ನೋಡುತ್ತಿದ್ದವು. ನವೆಂಬರ್ 14 ನಮ್ಮಲ್ಲಿ ಮಕ್ಕಳ ದಿನಾಚರಣೆ ಎಂದು ನಾನು ಹೇಳಿದೆ. ಹಾಗಿದ್ದರೆ ಇವತ್ತಾದರೂ ಭಾಷಣ ಬೇಡ ಎಂದಳು ಮಗಳು. ಅವತ್ತು ನವೆಂಬರ್ ಆಗಿರಲಿಲ್ಲ, ಆದರೂ ವಾದ ಗಟ್ಟಿಯಾಗಿತ್ತು.

ನಮ್ಮನ್ನು ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ ಬೆಟ್ಟಕ್ಕೆ ತಂದು ನಿಲ್ಲಿಸಿದ್ದು ಬ್ರಿಟಿಷ್ ಮ್ಯೂಸಿಯಂ. 1753ರಲ್ಲಿ ಅದನ್ನು ಸ್ಥಾಪಿಸಿದವರು ಅಧ್ಯಯನಶೀಲರಿಗೂ ಕುತೂಹಲಿಗಳಿಗೂ ಬಾಗಿಲು ತೆರೆದಿರಬೇಕೆಂದು ಬಯಸಿದ್ದರಂತೆ. ಹಸಿದವರ ವಿಚಾರ ಅವರಿಗೆ ಹೊಳೆದ ಹಾಗಿಲ್ಲ. ಈಜಿಪ್ಟಿನ ಮಮ್ಮಿಗಳ ಮುಂದೆ ನೂಕುನುಗ್ಗಲು. ಅಲ್ಲಿಂದ ತಪ್ಪಿಸಿಕೊಂಡು ದಕ್ಷಿಣ ಏಷ್ಯಾದ ವಿಭಾಗಕ್ಕೆ ಬಂದರೆ ಅಲ್ಲಿ ಕೂರಲು ಬೆಂಚಿತ್ತು, ಅದಕ್ಕೇ ಹೋದೆವು. ಪಕ್ಕದಲ್ಲೇ ಮೊಣಕೈ ಉದ್ದದ ಒಂದು ಮರಳುಗಲ್ಲಿನ ಚೂರು. ಮೀರತ್ತಿನ ಅಶೋಕ ಸ್ತಂಭದ ತುಣುಕು, ಅದರ ಮೇಲೆ ಆರನೆಯ ಸ್ತಂಭಶಾಸನದ ನಾಲ್ಕಾರು ಬ್ರಾಹ್ಮೀ ಅಕ್ಷರಗಳು. ಇವರಿಗೆ ರೋಮಾಂಚನವಾಗಿ ಅಲ್ಲಿಂದಲೇ ನಮ್ಮಪ್ಪನಿಗೆ ವೀಡಿಯೊ ಕಾಲ್ ಮಾಡಿದರು.

ನಮ್ಮಪ್ಪ ನಿವೃತ್ತ ಮೇಷ್ಟ್ರು. ಕನ್ನಡಕ ಏರಿಸಿ ನೋಡಿದರು. "ಚೂರು ತೋರ್ಸಿ ಏನ್ ದೊಡ್ಡಸ್ತಿಕೆ ಹೇಳ್ತೀರಿ ಅಳಿಯಂದ್ರೇ? ನಮ್ಮಲ್ಲಿ ಬಂಡೆಗೆ ಬಂಡೆನೇ ಐತೆ. ಅದೂ ಒಂದಲ್ಲ, ಮೂರು. ಹುಡುಗ್ರುನ್ನ ಕರ್ಕೊಂಡು ಬರ್ರಿ."

ಬರುವುದೆಂದರೆ ಆಗಸ್ಟಿನಲ್ಲೇ ಬರಬೇಕು. ಇಂಗ್ಲೆಂಡಿನಲ್ಲಿ ಶಾಲೆ ನಡೆಯುವಾಗ ಅನುಮತಿಯಿಲ್ಲದೆ ಐದು ದಿನ ಮಗುವನ್ನು ಬಿಡಿಸಿಕೊಂಡು ಹೋದರೆ ದಂಡ. ಮಗುವೊಂದಕ್ಕೆ, ಪೋಷಕರೊಬ್ಬರಿಗೆ 80 ಪೌಂಡ್, ಮೂರು ವಾರದಲ್ಲಿ ಕಟ್ಟದಿದ್ದರೆ ದುಪ್ಪಟ್ಟು. ಈ ವಿಷಯ ವಿಮಾನ ಕಂಪನಿಯವರಿಗೂ ಗೊತ್ತಿರುವುದರಿಂದ ಆಗಸ್ಟಿನ ಟಿಕೆಟ್ಟಿನಲ್ಲಿ ಆ ದಂಡವನ್ನೂ ಸೇರಿಸಿಯೇ ವಸೂಲು ಮಾಡುತ್ತಾರೆ ಎಂಬುದು ನನ್ನ ಬಹುದಿನದ ಅನುಮಾನ.

ಅಂತೂ ಬಂದೆವು. ಬ್ರಹ್ಮಗಿರಿಗೆ ಹೊರಡುವ ಹಿಂದಿನ ರಾತ್ರಿ ಚಳ್ಳಕೆರೆಯ ಮನೆಯ ಪಡಸಾಲೆಯಲ್ಲಿ ಕೂತು ಇವರು ಒಂದು ಹಾಳೆ ತಯಾರಿಸಿದರು. ಲಂಡನ್ನಿನ ಮ್ಯೂಸಿಯಂಗಳಲ್ಲಿ ಮಕ್ಕಳ ಕೈಗೆ ಕೊಡುತ್ತಾರಲ್ಲ, 'ಇದನ್ನು ಹುಡುಕು, ಗೀಟು ಹಾಕು' ಎಂಬ ಹಾಳೆ, ಅದೇ ಮಾದರಿ. ಪುಟ್ಟ ಪುಟ್ಟ ಚೌಕಗಳು. ಒಂದು, ಅಶೋಕನ ಹೆಸರು. ಎರಡು, ಸಿಂಹ. ಮೂರು, ಚಕ್ರ. ನಾಲ್ಕು, ರಾಜನ ಚಿತ್ರ. ನಮ್ಮಪ್ಪ ಅದನ್ನು ಇಸಕೊಂಡು ಓದಿ, ಮಡಿಸಿ, ಮಾತಾಡದೆ ವಾಪಸ್ ಕೊಟ್ಟರು. ಅಳಿಯನ ಮರ್ಯಾದೆ ದೊಡ್ಡದು.

ಮೊಳಕಾಲ್ಮೂರು ಸೀಮೆಯಲ್ಲಿ ಆಗಸ್ಟ್ ಎಂದರೆ ಗಾಳಿ. ಮೋಡ ದಿನಾ ಬರುತ್ತದೆ, ಹಾಜರಿ ಹಾಕಿ ಹೋಗುತ್ತದೆ. ಎರಡೂ ಕಡೆ ಶೇಂಗಾ ಹೊಲ, ನಡುನಡುವೆ ಯಾರೋ ಆಟವಾಡಿ ಜೋಡಿಸದೆ ಎದ್ದುಹೋದಂಥ ಬಂಡೆಗಳು. ಅಶೋಕ ಸಿದ್ದಾಪುರ ಸೇರಿ ಕಾರಿಳಿದ ಕೂಡಲೇ ಮಗಳು ಕೇಳಿದ ಪ್ರಶ್ನೆಗಳು ಇವು: ಟಿಕೆಟ್ ಎಲ್ಲಿ? ಟಾಯ್ಲೆಟ್ ಎಲ್ಲಿ? ಗಿಫ್ಟ್ ಶಾಪ್ ಎಲ್ಲಿ? ತಾತ ಉತ್ತರಿಸಿದ ಕ್ರಮ: ಇಲ್ಲ, ಅಗೋ ಆ ಜಾಲಿಗಿಡದ ಹಿಂದೆ, ಆಮೇಲೆ ಹೇಳ್ತೀನಿ.

ಬ್ರಹ್ಮಗಿರಿಯ ಬುಡದ ಆ ಕಲ್ಲನ್ನು ಊರವರು ಅಕ್ಷರಗುಂಡು ಎನ್ನುತ್ತಿದ್ದರು. ಅದರ ಮೇಲೆ ಏನು ಬರೆದಿದೆ ಎಂದು ಓದಲು ಬರದಿದ್ದರೂ ಬರೆದಿರುವುದು ಅಕ್ಷರ ಎಂಬುದು ಅವರಿಗೆ ಗೊತ್ತಿತ್ತು. 1892ರಲ್ಲಿ ಬಿ.ಎಲ್. ರೈಸ್ ಬಂದು ಇದು ಮೌರ್ಯ ಚಕ್ರವರ್ತಿಯ ಶಾಸನ ಎಂದು ಲೋಕಕ್ಕೆ ತಿಳಿಸಿದರು. ಈಗ ಪುರಾತತ್ವ ಇಲಾಖೆಯವರು ಸೂರು ಕಟ್ಟಿಸಿ ಕಾಯುತ್ತಿದ್ದಾರೆ. ಹದಿಮೂರು ಸಾಲು. ನಮ್ಮಪ್ಪನಿಗೆ ಬ್ರಾಹ್ಮಿ ಓದಲು ಬರುತ್ತದೋ ಬಾಯಿಪಾಠವೋ ನನಗೆ ಇಂದಿಗೂ ತಿಳಿಯದು. ಕೋಲು ಹಿಡಿದು ಗಾಳಿಯಲ್ಲೇ ಸಾಲು ತೋರಿಸುತ್ತಾ ಪಾಠ ಶುರುಮಾಡಿದರು.

"ಇದು ಕಾಗದ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಬರೆದದ್ದು. ಈಗ ನಾವು ನಿಂತೀವಲ್ಲ, ಇದೇ ಸೀಮೆನೇ ಇಸಿಲ. ಮೊದ್ಲು ಏನು ಬರೆದವ್ರೆ? ಆರೋಗ್ಯ ವಿಚಾರ್ಸವ್ರೆ. ನಿಮ್ಮ ಥರ ಎತ್ತಿದ ಕೂಡ್ಲೆ 'ತಾತ, ವೈಫೈ ಪಾಸ್‌ವರ್ಡ್ ಏನು' ಅಂದಿಲ್ಲ."

ಮುಂದಿನ ಸಾಲುಗಳಲ್ಲಿ ಚಕ್ರವರ್ತಿ ತನ್ನ ಬಗ್ಗೆಯೇ ಹೇಳಿಕೊಂಡಿದ್ದಾನೆ. ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲು ಅಷ್ಟಾಗಿ ಶ್ರಮ ಪಡಲಿಲ್ಲ, ಈಗ ಒಂದು ವರ್ಷದಿಂದ ಚೆನ್ನಾಗಿ ಪಡುತ್ತಿದ್ದೇನೆ ಎಂದು. ನಾನು ನಮ್ಮ ಮನೆಯವರ ಮುಖ ನೋಡಿದೆ. ಇವರು ಲಂಡನ್ನಿನಲ್ಲಿ ನಾವಿರುವ ಹ್ಯಾರೋದ ಜಿಮ್ಮಿಗೆ ಸದಸ್ಯರಾಗಿದ್ದಾರೆ, ಮೊದಲ ಭಾಗ ಮಾತ್ರ ಹೊಂದುತ್ತದೆ. ಇವರು ಬಂಡೆಯ ಮೇಲಿನ ಓತಿಕ್ಯಾತವೊಂದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅದು ಕೆಂಪು ಕತ್ತು ಎತ್ತಿಕೊಂಡು ಒಂದೇ ಸಮನೆ ದಂಡ ಹೊಡೆಯುತ್ತಿತ್ತು.

ಈ ಶ್ರಮದ ಫಲ ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವರಿಗೂ ಸಿಗುತ್ತದೆ ಎಂಬುದು ಆಮೇಲಿನ ಮಾತು. ಅಲ್ಲಿ ಚಿಕ್ಕವರು ಎಂದರೆ ಸ್ಥಾನಮಾನದಲ್ಲಿ ಚಿಕ್ಕವರು ಎಂದು ಅಪ್ಪ ವಿವರಿಸುವಷ್ಟರಲ್ಲಿ ಮಗಳು ಅದನ್ನು ಎತ್ತಿಟ್ಟುಕೊಂಡಾಗಿತ್ತು. ಗಡಿಯಾಚೆಯವರಿಗೂ ಇದು ತಿಳಿಯಲಿ ಎಂದು ಇನ್ನೊಂದು ಕಡೆ ಇದೆ. "ನೋಡಿದ್ಯಾ, ಹೊರನಾಡಿನವರಿಗೂ ನೋಟಿಸ್ ಕೊಟ್ಟಿದ್ದಾನೆ!" ಎಂದು ಇವರು ಉಬ್ಬಿದರು. ಎರಡು ಸಾವಿರದ ಇನ್ನೂರು ವರ್ಷದ ಮೇಲಾದರೂ ನೋಟಿಸ್ ಜಾರಿಯಾಯಿತಲ್ಲ, ಸರ್ಕಾರಿ ಕಾಗದಕ್ಕೆ ಅದು ತಡವೇನಲ್ಲ.

ಆಮೇಲೆ ಬಂತು 256. ಶಾಸನದಲ್ಲಿ ಈ ಅಂಕಿ ಸ್ಪಷ್ಟವಾಗಿದೆ. ಅದೇನೆಂದು ವಿದ್ವಾಂಸರು ಬಹುಕಾಲ ಜಗಳವಾಡಿದರು. ಈಗ ಹೆಚ್ಚಿನವರು ಒಪ್ಪುವುದು, ಅರಸ ಪ್ರವಾಸದಲ್ಲಿ ಕಳೆದ ರಾತ್ರಿಗಳು ಎಂದು.

"ಇನ್ನೂರೈವತ್ತಾರು ರಾತ್ರಿ ಔಟಿಂಗಾ?" ನಾನು ಕೇಳಿದೆ. "ಅಪ್ಪಾ, ಮಕ್ಕಳನ್ನೂ ಕರಕೊಂಡು ಹೋಗಿದ್ದನಾ?"

"ಅದುನ್ನ ಬರ್ಸಿಲ್ಲಮ್ಮ."

ಹಾಗಾದರೆ ಕರೆದುಕೊಂಡು ಹೋಗಿಲ್ಲ. ಹೋಗಿದ್ದರೆ ಹದಿಮೂರು ಸಾಲು ಸಾಲುತ್ತಿರಲಿಲ್ಲ, ಬ್ರಹ್ಮಗಿರಿ ಪೂರ್ತಿ ಬೇಕಾಗುತ್ತಿತ್ತು.

ನಾನು ಇಷ್ಟು ದೂರ ಬಂದದ್ದು ಯಾವ ಸಾಲಿಗಾಗಿಯೋ ಆ ಸಾಲು ಕೊನೆಗೆ ಬಂತು. ತಾಯಿ ತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರೊಡನೆ ಸರಿಯಾಗಿ ನಡೆದುಕೊಳ್ಳಬೇಕು. ಇದು ಹಳೆಯ ಕಾಲದಿಂದ ಬಂದ ನಡತೆ ಎಂದೂ ಸೇರಿಸಿದ್ದಾನೆ. ಅವನ ಕಾಲಕ್ಕೇ ಇದು ಹಳೆಯದಾಗಿತ್ತು ಎಂದರೆ ಅವನ ಮನೆಯಲ್ಲೂ ಮಕ್ಕಳಿದ್ದವು ಎಂದು ಲೆಕ್ಕ. ನಾನು ಅಪ್ಪನ ಕೈಲಿ ಆ ಸಾಲನ್ನು ಎರಡು ಸಲ ಓದಿಸಿದೆ. ಮಗಳು ಶಾಂತವಾಗಿ ಕೇಳಿಸಿಕೊಂಡು, "ತಾತ, ಅಮ್ಮ ನಿಮ್ ಮಾತು ಕೇಳ್ತಾಳಾ?" ಎಂದಳು. ಅಪ್ಪ ಕೆಮ್ಮಿದರು. ಎಂಜಿನಿಯರಿಂಗ್ ಬೇಡ, ಬಿ.ಎಡ್. ಮಾಡು, ಚಿತ್ರದುರ್ಗದಲ್ಲೇ ಕೆಲಸ ಕೊಡಿಸ್ತೀನಿ ಎಂದಿದ್ದರು ಅವರು. ಸತ್ಯ ನುಡಿಯಬೇಕು ಎಂಬ ಸಾಲು ಪಕ್ಕದಲ್ಲೇ ಇದ್ದುದರಿಂದ ಇಕ್ಕಟ್ಟಾಯಿತು.

ಅಷ್ಟರಲ್ಲಿ ಹಾಳೆಯ ಗಲಾಟೆ ಶುರುವಾಯಿತು. ಮಗಳು ಪೆನ್ಸಿಲ್ ಹಿಡಿದು ನಿಂತಿದ್ದಳು. "ಅಶೋಕ ಅಂತ ಎಲ್ಲಿದೆ? ತೋರ್ಸಿ."

ಇಲ್ಲ. ಬ್ರಹ್ಮಗಿರಿಯ ಶಾಸನದಲ್ಲಿ ಅಶೋಕನ ಹೆಸರೇ ಇಲ್ಲ. 'ದೇವಾನಾಂಪಿಯ' ಎಂದಷ್ಟೇ ಇದೆ, ದೇವತೆಗಳಿಗೆ ಪ್ರಿಯನಾದವನು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದ ಮೇಲೂ ಈ ದೇವಪ್ರಿಯ ಯಾರೆಂಬುದಕ್ಕೆ ಸಿಂಹಳದ ಗ್ರಂಥಗಳನ್ನು ಕೇಳಬೇಕಾಯಿತು. ಕೊನೆಗೆ 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ಸಿಕ್ಕಿದ ಬಂಡೆಯ ಮೇಲೆ ಅಶೋಕ ಎಂಬ ಹೆಸರು ಬಾಯಿ ಬಿಟ್ಟಿತು. ಇಷ್ಟೂ ಚೆನ್ನಾದ ಕಥೆ, ಆದರೆ ಚೌಕಕ್ಕೆ ಗೀಟು ಬೀಳಲಿಲ್ಲ. ಸಿಂಹವೂ ಇಲ್ಲ. ಚಕ್ರವೂ ಇಲ್ಲ. ರಾಜನ ಚಿತ್ರ ಇರುವ ಮಾತೇ ಇಲ್ಲ. ನಾಲ್ಕಕ್ಕೆ ನಾಲ್ಕೂ ಖಾಲಿ. ಲಂಡನ್ನಿನಲ್ಲಿ ಬೆಳೆದ ಮಗುವಿಗೆ ಖಾಲಿ ಚೌಕಕ್ಕಿಂತ ದೊಡ್ಡ ದುಃಖವಿಲ್ಲ. ಇವರ ಮುಖ ನೋಡಲಾಗದೆ ನಮ್ಮಪ್ಪನೇ ಐದನೆಯ ಚೌಕ ಬರೆದು ಪಕ್ಕದಲ್ಲಿ 'ಓತಿಕ್ಯಾತ' ಎಂದು ಬರೆದುಕೊಟ್ಟರು. ಗೀಟು ಬಿತ್ತು.

ಮಗನಿಗೆ ಹಿಡಿಸಿದ್ದು ಚಪಡ. ಶಾಸನದ ಕೊನೆಗೆ ಅದನ್ನು ಬರೆದ ಲಿಪಿಕಾರ ತನ್ನ ಹೆಸರು ಹಾಕಿಕೊಂಡಿದ್ದಾನೆ. ಚಪಡ ಬರೆದ ಎಂದು. ಅದರಲ್ಲಿ ಲಿಪಿಕಾರ ಎಂಬ ಭಾಗವನ್ನು ಮಾತ್ರ ಬ್ರಾಹ್ಮಿ ಬಿಟ್ಟು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಅದು ವಾಯವ್ಯದ ಗಾಂಧಾರದ ಕಡೆಯ ಲಿಪಿ. ಅಲ್ಲಿಂದ ಈ ಬಯಲುಸೀಮೆಗೆ ಕೆಲಸಕ್ಕೆ ಬಂದ ಮನುಷ್ಯ ಯಾರಿಗೂ ಓದಲು ಬರದ ತನ್ನ ಅಕ್ಷರದಲ್ಲಿ ಒಂದು ಗೀಚು ಗೀಚಿ ಹೋಗಿದ್ದಾನೆ. ನನಗೆ ಆ ಹೊರನಾಡಿಗನ ಮೇಲೆ ಮಮತೆ ಉಕ್ಕಿತು. ಮಗನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. "ಅವ್ನು ಹೆಸ್ರು ಬರ್ದಿದಾನೆ, ನಾನೂ ಬರೀಲಾ?" ಎಂದವನು ಆಗಲೇ ಚೂಪುಗಲ್ಲು ಹೆಕ್ಕಿಕೊಂಡಾಗಿತ್ತು.

ನಾವು ಮೂವರೂ ಒಟ್ಟಿಗೆ ಕಿರುಚಿದೆವು. ಸ್ಮಾರಕ ಹಾಳುಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ ಎಂದು ಕಾನೂನಿದೆ. ಇವರು ಅದನ್ನು ಮಗನಿಗೆ ಪೌಂಡಿನಲ್ಲಿ ವಿವರಿಸಿದರು. ಅವನು ಕೇಳಿದ: "ಚಪಡಂಗೆ ಎಷ್ಟು ಫೈನ್ ಹಾಕಿದ್ರು?" ಕೊನೆಗೆ ತಾತ ಅವನ ಕೈಗೆ ಕೋಲು ಕೊಟ್ಟು ಮಣ್ಣಿನಲ್ಲಿ ಬರೆಸಿದರು, ಬಲದಿಂದ ಎಡಕ್ಕೆ. ಅರ್ಧ ಗಂಟೆ ಸದ್ದಿಲ್ಲ.

ಆ ಅರ್ಧ ಗಂಟೆಯಲ್ಲಿ ಅಪ್ಪ ಅಳಿಯನಿಗೆ ಸುತ್ತಲಿನ ಬಯಲು ತೋರಿಸಿದರು. 1944ರವರೆಗೆ ಲಂಡನ್ ಮ್ಯೂಸಿಯಂ ನೋಡಿಕೊಂಡಿದ್ದ ಮಾರ್ಟಿಮರ್ ವೀಲರ್ ಭಾರತಕ್ಕೆ ಬಂದು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ, 1947ರಲ್ಲಿ ಇಲ್ಲೇ ಅಗೆಸಿದರು. ಕಲ್ಲುಕೊಡಲಿಯ ಕಾಲ, ಬೃಹತ್‌ಶಿಲಾ ಗೋರಿಗಳ ಕಾಲ, ಆಮೇಲಿನ ಆಂಧ್ರರ ಕಾಲ ಎಂದು ಪದರ ಪದರವಾಗಿ ತೋರಿಸಿಕೊಟ್ಟರು. ಚಪ್ಪಡಿ ನಿಲ್ಲಿಸಿ ಕಟ್ಟಿದ, ಒಂದು ಕಡೆ ದುಂಡನೆಯ ಕಿಂಡಿ ಕೊರೆದ ಗೋರಿಗಳು. ಲಂಡನ್ನಿಗೆ ಮರಳಿದ ಮೇಲೆ ವೀಲರ್ ಟಿವಿಯಲ್ಲಿ ಕೂತು ಹಳೆಯ ವಸ್ತುಗಳನ್ನು ಗುರುತು ಹಿಡಿಯುವ ಆಟವಾಡಿ 1954ರಲ್ಲಿ ಅಲ್ಲಿನ ವರ್ಷದ ಟಿವಿ ವ್ಯಕ್ತಿ ಅನ್ನಿಸಿಕೊಂಡರು. "ನಮ್ಮೂರ ಮಣ್ಣಿನ ಗುಣ" ಎಂದರು ಅಪ್ಪ.

ಬೇವಿನ ಮರದಡಿ ಅಮ್ಮ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಕುರಿ ಹಿಂಡಿನ ಹಿಂದೆ ಕಂಬಳಿ ಹೆಗಲಿಗೇರಿಸಿದ ಮುದುಕರೊಬ್ಬರು ಬಂದು ನಿಂತರು.

"ಯಾವೂರಾತಮ್ಮ ನಿಮ್ದು?"

"ಹ್ಯಾರೋ," ಎಂದಳು ಮಗಳು.

"ಹಾರೋಹಳ್ಳಿನಾ? ಬೆಂಗ್ಳೂರಾಚೆ ಬರ್ತೈತಲ್ಲ. ಅಷ್ಟು ದೂರದಿಂದ ಕಲ್ಲು ನೋಡಾಕೆ ಬಂದ್ರಾ?"

ಅವರು ನಕ್ಕು, ಹುಟ್ಟಿ ಇನ್ನೂ ಕಾಲು ಗಟ್ಟಿಯಾಗದ ಒಂದು ಮರಿಯನ್ನು ಕಂಬಳಿಯೊಳಗಿಂದ ತೆಗೆದು ಮಗಳ ತೊಡೆಯ ಮೇಲಿಟ್ಟರು. ಅದರ ಹೊಕ್ಕುಳಬಳ್ಳಿ ಒಣಗಿ ಇನ್ನೂ ನೇತಾಡುತ್ತಿತ್ತು. ಮಗಳು ಉಸಿರು ಬಿಗಿಹಿಡಿದು ಕೂತಳು. ಮರಿ ಅವಳ ತೊಡೆಯ ಮೇಲೇ ಉಚ್ಚೆ ಹೊಯ್ದಾಗಲೂ ಅಲುಗಲಿಲ್ಲ. ಮನೆಯಲ್ಲಿ ತಮ್ಮ ನೀರು ಚೆಲ್ಲಿದರೆ ಬೀದಿಗೆ ಕೇಳುವಂತೆ ಕೂಗುವ ಹುಡುಗಿ ಇವಳೇ. ಇವರು ಮೆಲ್ಲಗೆ ನನ್ನ ಕಿವಿಯಲ್ಲಿ, "ಇದಕ್ಕೆ ಯಾವ ಹೆಡ್ಡಿಂಗ್ ಕೊಡೋದು?" ಎಂದರು. ರೊಟ್ಟಿ ತಿನ್ನಿ ಎಂದೆ.

ಹೊರಡುವ ಹೊತ್ತಿಗೆ ಮಗಳು ಬಾಕಿ ಉಳಿದಿದ್ದ ಪ್ರಶ್ನೆ ಎತ್ತಿದಳು, ಗಿಫ್ಟ್ ಶಾಪ್. ಅಪ್ಪ ದೂರದ ಬೆಟ್ಟದತ್ತ ಕೋಲು ಚಾಚಿದರು. "ಅಗೋ, ಜಟಿಂಗ ರಾಮೇಶ್ವರ. ಜಟಾಯು ಬಿದ್ದ ಜಾಗ ಅಂತಾರೆ. ಮೂರ್ನೇ ಶಾಸನ ಅಲ್ಲೈತೆ, ದೇವಸ್ಥಾನದ ಮೆಟ್ಟಿಲ ಮುಂದೇನೇ. ಜಾತ್ರೇಲಿ ಬಳೆಗಾರರು ಅದರ ಮೇಲೇ ಅಂಗಡಿ ಹೂಡ್ತಿದ್ರಂತೆ. ಅದಕ್ಕೇ ಬಳೆಗಾರ ಗುಂಡು ಅಂತ ಹೆಸ್ರು."

ಮಗಳ ಕಣ್ಣರಳಿತು. ವಸ್ತುವಿನ ಪಕ್ಕದಲ್ಲಲ್ಲ, ವಸ್ತುವಿನ ಮೇಲೆಯೇ ಅಂಗಡಿ! ಯಾವ ಮ್ಯೂಸಿಯಮ್ಮಿಗೂ ಇಷ್ಟು ಧೈರ್ಯ ಬಂದಿಲ್ಲ. ಈಗಲೇ ಹತ್ತೋಣ ಎಂದು ಹಟ ಹಿಡಿದಳು.

"ಈಗ ಬಳೆ ಎಲ್ಲಿ ಸಿಗ್ತಾವೆ? ಜಾತ್ರೆ ಕಾಲಕ್ಕೆ ಬರ್ಬೇಕು ಮಗಾ. ಫಾಲ್ಗುಣದಲ್ಲಿ ಬಾ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು ತೋರ್ಸಿ, ಕೈತುಂಬ ಬಳೆ ಇಡಿಸ್ತೀನಿ."

ಫಾಲ್ಗುಣ ಎಂದರೆ ಮಾರ್ಚ್. ಮಾರ್ಚ್ ಎಂದರೆ ಶಾಲೆ. ಇವರು ಕೂಡಲೇ ಬೆರಳು ಮಡಚಿದರು. ಇಬ್ಬರು ಮಕ್ಕಳು, ಇಬ್ಬರು ಪೋಷಕರು, ನಾಲ್ಕೆಂಟ್ಲ ಮೂವತ್ತೆರಡು. "320 ಪೌಂಡ್ ದಂಡ, ಮಾವ."

"ನಮ್ಮ ರೂಪಾಯ್ನಾಗೆ ಎಷ್ಟಾಯ್ತು?"

"35 ಸಾವಿರದ ಮೇಲೇ ಬರುತ್ತೆ."

"ಸ್ಕೂಲಿಗ್ ಹೋಗ್ಲಿಲ್ಲ ಅಂತಾನಾ?" ಅಪ್ಪ ನಿಂತೇಬಿಟ್ಟರು. ನಲವತ್ತು ವರ್ಷ ಹಾಜರಿ ಪುಸ್ತಕ ಹಿಡಿದವರು, ಗೈರುಹಾಜರಿಗೆ ಇಂಥ ಬೆಲೆ ಇದೆಯೆಂದು ಅವರಿಗೆ ತಿಳಿದಿರಲಿಲ್ಲ. "ಅಲ್ರೀ ಅಳಿಯಂದ್ರೇ, ಅಷ್ಟು ದುಡ್ಡಿಗೆ ಇಲ್ಲೇ ಮಗ್ಗದಿಂದ ಇಳಿಸಿದ ಮೊಳಕಾಲ್ಮೂರು ರೇಷ್ಮೆ ಸೀರೆ ಬರ್ತೈತೆ!"

ಕಾರಿನ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ನಾನೇ ಕೂತೆ. "ಚಳ್ಳಕೆರೆಗೆ ಆಮೇಲೆ ಹೋಗೋಣಪ್ಪ," ಎಂದು ಡ್ರೈವರಿಗೆ ಹೇಳಿದೆ, "ಮೊದ್ಲು ಮೊಳಕಾಲ್ಮೂರಿಗೆ ತಿರುಗ್ಸು."